ಮೇಣದ ಗೋಡೆಯ ಆ ಬದಿ

ಗೋಡೆಯೊಂದು ಹಗಲಿಡೀ ಸೆಕೆಯನ್ನು ನುಂಗಿಕೊಂಡು, ಕತ್ತಲಾದ ಮೇಲೆ ಅದನ್ನೆಲ್ಲ ಹೊರಗೆ ಉಗುಳಿಬಿಡುವಂತಿದ್ದರೆ?

ಈ ಪ್ರಶ್ನೆ ವಚನಾ ಹರಸೂರಳ ತಲೆ ಹೊಕ್ಕಿದ್ದು ಆಳಂದದ ಕಡೆಯ ಒಂದು ಮದುವೆ ಮನೆಯಲ್ಲಿ. ಕಟ್ಟಡಗಳ ಉಷ್ಣವಿಜ್ಞಾನ ಓದಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಹೋಳಿಗೆಗೆ ತುಪ್ಪ ಬಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಂದರದ ಕೆಳಗೆ ಕೂತವರೆಲ್ಲ ಬೆವರಿನಲ್ಲಿ ತೊಯ್ದುಹೋಗಿದ್ದರು, ಮುಟ್ಟಿದ ಪಾತ್ರೆಯೆಲ್ಲ ಸುಡುತ್ತಿತ್ತು. ಅವಳ ಕೈಯಲ್ಲಿದ್ದ ತುಪ್ಪದ ಡಬ್ಬಿ ಮಾತ್ರ ಅಷ್ಟು ಬಿಸಿಯಾಗಿರಲಿಲ್ಲ. ಒಳಗೆ ಗಟ್ಟಿ ತುಪ್ಪ ಇನ್ನೂ ಕರಗುತ್ತಿತ್ತು. ಕರಗುವ ವಸ್ತು ಪೂರ್ತಿ ಕರಗಿ ಮುಗಿಯುವ ತನಕ ಬಂದ ಸೆಕೆಯನ್ನೆಲ್ಲ ಕರಗುವುದಕ್ಕೇ ಬಳಸಿಕೊಳ್ಳುತ್ತದೆ, ತಾನು ಬಿಸಿಯೇರುವುದಿಲ್ಲ ಎಂಬುದನ್ನು ಅವಳು ಪುಸ್ತಕದಲ್ಲಿ ಓದಿ ಪಾಸೂ ಆಗಿದ್ದಳು. ಅಂಗೈಗೆ ತಿಳಿದದ್ದು ಆವತ್ತೇ. ಡಬ್ಬಿ ಹಿಡಿದು ಕಂಬದ ಹಾಗೆ ನಿಂತವಳನ್ನು ನೋಡಿ ಪಂಕ್ತಿಯಲ್ಲಿದ್ದ ಒಬ್ಬರು, "ಏ ತಂಗೀ, ತುಪ್ಪ ನೋಡ್ಲಕ್ಕ ತಂದೀಯೋ, ನೀಡ್ಲಕ್ಕ ತಂದೀಯೋ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು.

ಆ ತುಪ್ಪದ ಡಬ್ಬಿ ಮುಂದೆ ಆರು ಮಹಡಿಯ ಕಟ್ಟಡವಾಗಿ ಬೆಳೆಯಲು ಅವಳ ಅರ್ಧ ಆಯುಷ್ಯ ಹಿಡಿಯಿತು. ಕಲಬುರಗಿಯ ಬಿಸಿಲು ಮೊದಲೇ ಹೆಸರುವಾಸಿ. ಅಷ್ಟು ಹೊತ್ತಿಗೆ ಅದಕ್ಕೆ ಇನ್ನಷ್ಟು ಸೊಕ್ಕು ಬಂದಿತ್ತು. ಯುಗಾದಿ ದಾಟಿದರೆ ಮೊದಲ ಮಳೆಯ ತನಕ ಹಗಲು ಹೊತ್ತು ಯಾರೂ ಬೀದಿಗಿಳಿಯಬಾರದೆಂಬ ಕಾನೂನೇ ಬಂದುಬಿಟ್ಟಿತ್ತು. ಎಲ್ಲರೂ ಒಮ್ಮೆಲೇ ಎ.ಸಿ. ಹಚ್ಚಿದರೆ ಕರೆಂಟು ಕೈಕೊಡುತ್ತಿತ್ತು, ಕರೆಂಟು ಕೈಕೊಟ್ಟ ದಿನ ಮುಚ್ಚಿದ ಕೋಣೆಗಳಲ್ಲಿ ಜನ ಸಾಯುತ್ತಿದ್ದರು. ಹಾಗೆ ಸತ್ತವರಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಇದ್ದವರು. ನೀರು ಕೊಡಲು, ಎಬ್ಬಿಸಲು, ಕನಿಷ್ಠ ಬಾಗಿಲು ಬಡಿಯಲು ಯಾರೂ ಇಲ್ಲದವರು. ಅಂಥವರಿಗೆಂದೇ ಸರಕಾರ ಕಟ್ಟಿಸಿದ ವಸತಿಗೆ 'ತಣ್ಣೆಳಲು' ಎಂದು ಹೆಸರಿಟ್ಟರು. ನಕ್ಷೆ ವಚನಾಳದು.

ಹೊರಗೆ ಶಹಾಬಾದ್ ಕಲ್ಲು, ಮನೆಯಿಂದ ಮನೆಗೆ ನಡುವೆ ಮೇಣದ ಗೋಡೆ. ಮೇಣವನ್ನು ಔಡಲೆಣ್ಣೆಯಿಂದ ತೆಗೆದದ್ದು. ಸೆಕೆ ಬೇಗ ಒಳಗಿಳಿಯಲೆಂದು ಅದರ ನಡುವೆ ತಾಮ್ರದ ಎಳೆಗಳ ಬಲೆ ಹರಡಿತ್ತು. ಹಗಲು ಮೇಣ ಕರಗುತ್ತ ಕರಗುತ್ತ ಮನೆಯ ಸೆಕೆಯನ್ನು ಹೀರಿಕೊಳ್ಳುತ್ತಿತ್ತು. ಕತ್ತಲಾದ ಮೇಲೆ ಕಿಂಡಿಗಳು ತಾವಾಗಿಯೇ ತೆರೆದು, ನೆತ್ತಿಯ ಮೇಲಿನ ಗಾಳಿಗೋಪುರ ರಾತ್ರಿಯ ಗಾಳಿಯನ್ನು ಒಳಗೆಳೆದು ಗೋಡೆಗಳನ್ನು ಸವರಿ ಹೊರಗೆ ಬಿಡುತ್ತಿತ್ತು. ಬೆಳಗಾಗುವಷ್ಟರಲ್ಲಿ ಮೇಣ ಮತ್ತೆ ಗಟ್ಟಿ. ಇಡೀ ಕಟ್ಟಡಕ್ಕೆ ಬೇಕಾಗುತ್ತಿದ್ದ ಕರೆಂಟು ಹಳೆಯ ಕಾಲದ ಒಂದು ಸಿನೆಮಾ ಟಾಕೀಸಿಗೂ ಸಾಲುತ್ತಿರಲಿಲ್ಲ. ದೂರದೂರದಿಂದ ಜನ ಬಂದು ನೋಡಿ, ಗೋಡೆ ಮುಟ್ಟಿ, "ಭೇಷ್" ಎಂದು ಹೋಗುತ್ತಿದ್ದರು.

ತಂಪಿಗೆ ಒಂದಿಷ್ಟು ಕಟ್ಟಳೆಗಳಿದ್ದವು. ಒಂದು ಮನೆಗೆ ಒಬ್ಬರೇ. ಬಾಗಿಲಿಗೆ ಸರದಿ: ಅಕ್ಕಪಕ್ಕದ ಎರಡು ಬಾಗಿಲು ಒಟ್ಟಿಗೆ ತೆರೆದರೆ ಬಿಸಿಗಾಳಿ ನುಗ್ಗುತ್ತದೆಂದು ಒಂದು ತೆರೆದಾಗ ಇನ್ನೊಂದಕ್ಕೆ ಬೀಗ ಬೀಳುತ್ತಿತ್ತು. ಹಾಗಾಗಿ ನೆರೆಮನೆಯವರ ಮುಖ ಯಾರಿಗೂ ಗೊತ್ತಿರಲಿಲ್ಲ. ಮೇಣ ಸದ್ದನ್ನೂ ನುಂಗುತ್ತಿತ್ತು. ಪಕ್ಕದಲ್ಲಿ ಕೆಮ್ಮಿದ್ದು, ಹಾಡಿದ್ದು, ಅತ್ತದ್ದು ಯಾವುದೂ ಈಚೆ ಬರುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಟ್ಟೆ ತೂಗುಹಾಕುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಬೆಳಗಾಗುವಷ್ಟರಲ್ಲಿ ಮೇಣ ಗಟ್ಟಿಯಾಗಿರಲೇಬೇಕು. ಕರಗಿದ ಮೇಣ ಮರುದಿನದ ಸೆಕೆಯನ್ನು ಹೀರಲಾರದು. ಒಂದು ಗೋಡೆ ಸೋತರೆ ಪಕ್ಕದ್ದು ಸೋಲುತ್ತದೆ, ಅದರ ಪಕ್ಕದ್ದೂ. ರೋಹಿಣಿ ಮಳೆ ಹುಟ್ಟುವ ಹೊತ್ತಿನ ಕೆಟ್ಟ ಬಿಸಿಲಿನಲ್ಲಿ ಇಡೀ ಅಂತಸ್ತೇ ಬೇಯುತ್ತದೆ. ಹಾಗಾಗಿ ಗೋಡೆ ಕೆಡಿಸಿದವರು ರೋಹಿಣಿಗೆ ಮುಂಚೆ ಮನೆ ಬಿಡಬೇಕು, ಊರಾಚೆಯ ಹತ್ತಿ ಗೋದಾಮಿನಲ್ಲಿ ಹಾಗೆ ಮನೆ ಬಿಟ್ಟ ಉಳಿದವರೊಡನೆ ಇರಬೇಕು. ಈ ಕಟ್ಟಳೆ ಬರೆದವಳೂ ವಚನಾಳೇ. ಬರೆಯುವಾಗ ಅದು ಅವಳಿಗೆ ಲೆಕ್ಕದ ಹಾಗೆ ಕಂಡಿತ್ತು.

ಅವಳೂ ಅಲ್ಲೇ, ನಾಲ್ಕನೇ ಅಂತಸ್ತಿನ ಕೊನೆಯ ಮನೆಯಲ್ಲಿದ್ದಳು. ಮದುವೆಯೊಂದು ಎಂದೋ ಆಗಿ ಎಂದೋ ಮುಗಿದಿತ್ತು. ಬೆಳಕು ಹರಿಯುವ ಮುಂಚೆ ನೆಲಮಾಳಿಗೆಯ ನಿಯಂತ್ರಣ ಕೋಣೆಗೆ ಇಳಿದರೆ ಸಂಜೆಗೆ ಮೇಲೆ ಬರುವುದು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಊಟ ಮುಗಿಸಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುವುದು. ಯಾವಾಗಲೂ ಅದೇ ಗೋಡೆ, ಅದೇ ಜಾಗ. ಅಲ್ಲಿ ಕೂತರೆ ಬೆನ್ನಿಗೆ ಏನೋ ಹಿತ. ಎಷ್ಟೋ ದಿನ ಕೂತಲ್ಲೇ ನಿದ್ದೆ ಹೋಗಿ, ಡ್ಯೂಟಿಯ ಹೊತ್ತಿಗೆ ಎಚ್ಚರಾಗಿ, ಕತ್ತು ತಿಕ್ಕಿಕೊಳ್ಳುತ್ತ ಇಳಿದು ಹೋಗುತ್ತಿದ್ದಳು. ಮಂಚ ಮಡಿಕೆ ಮುರಿಯದ ಹಾಸಿಗೆಯೊಂದಿಗೆ ಹಾಗೇ ಬಿದ್ದಿರುತ್ತಿತ್ತು.

ನಿಯಂತ್ರಣ ಕೋಣೆಯ ದೊಡ್ಡ ಪರದೆಯ ಮೇಲೆ ಗಟ್ಟಿ ಮೇಣ ನೀಲಿ, ಕರಗಿದ್ದು ಕೆಂಪು. ಬೆಳಗಿನ ಪರದೆ ಪೂರ್ತಿ ನೀಲಿಯಾಗಿರಬೇಕು. ಆ ವರ್ಷ ಒಂದು ಕೆಂಪು ಚುಕ್ಕೆ ಉಳಿಯತೊಡಗಿತು.

"ಮೇಡಂ, ನಾಕನೇ ಅಂತಸ್ತಿನ ಗ್ವಾಡಿ ಇವತ್ತೂ ಕೆಂಪದ ನೋಡ್ರಿ," ಎಂದ ಭೀಮಾಶಂಕರ. ಪರದೆ ಕಾಯುವ ಕೆಲಸದಲ್ಲಿ ತಲೆ ನರೆತವನು. ಮನೆಯಲ್ಲಿ ಹೆಂಡತಿ, ಅತ್ತೆ, ನಾದಿನಿ, ಮೂವರು ಮಕ್ಕಳಿದ್ದುದರಿಂದ ಇಲ್ಲಿಯ ಮೌನ ಅವನಿಗೆ ಸ್ವರ್ಗ. "ಅಂಗೈಯಷ್ಟಿತ್ತು. ಈಗ ಒಂದ್ ಪರಾತದಷ್ಟಾಗ್ಯಾದ."

"ಯಾರ ಲೆಕ್ಕದಾಗ ಬರ್ತದ ಅದು?"

ಗೋಡೆ ಎರಡು ಮನೆಗಳ ನಡುವಿನದಾದರೂ ಲೆಕ್ಕಕ್ಕೆ ಒಂದೇ ಮನೆಗೆ ಸೇರುತ್ತಿತ್ತು. ಮೆಟ್ಟಿಲ ಕಡೆಯ ಮನೆಗೆ. ಹಾಗೆ ಮಾಡಿದರೆ ಕಡತ ಹಗುರ ಎಂದು ಯಾವಾಗಲೋ ವಚನಾಳೇ ಹೇಳಿದ್ದಳು.

"ಮೆಹರುನ್ನೀಸಾ ಅಂತ. ಟೇಲರ್ ಕೆಲಸ ಮಾಡ್ತಿದ್ರಂತ ಮೊದಲ. ನಿಮ್ಮ ಬಾಜೂ ಮನೀನೇ ಅಲ್ರೀ ಅದು?"

ವಚನಾಳಿಗೆ ಒಂದಿಷ್ಟು ಕಸಿವಿಸಿಯಾಯಿತು. ಪಕ್ಕದ ಮನೆ ಎಂದು ಸುಮ್ಮನಿದ್ದರೆ ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ. ತಪಾಸಣೆಯವರನ್ನು ಕಳಿಸಿದಳು. ಅವರು ಹೋಗಿ ಬಂದು ಫೋಟೊ ತೋರಿಸಿದರು. ಗೋಡೆಗೆ ಒತ್ತಿ ಬಣ್ಣಬಣ್ಣದ ಚೂರುಗಳ ದಪ್ಪ ಕೌದಿಯೊಂದನ್ನು ನಿಲ್ಲಿಸಲಾಗಿತ್ತು. ರಾತ್ರಿಯ ಗಾಳಿ ಗೋಡೆಗೆ ತಾಕದಂತೆ ಮಾಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಮುದುಕಿ, "ಹೌದ್ರೀ, ನಾನೇ ಹಚ್ಚೀನಿ, ತಪ್ಪಾಯ್ತು," ಎಂದಷ್ಟೇ ಹೇಳಿದ್ದಳಂತೆ.

ರೋಹಿಣಿ ಹತ್ತಿರವಿತ್ತು. ವಚನಾ ಮನೆ ಬಿಡಿಸುವ ನೋಟೀಸಿಗೆ ಸಹಿ ಹಾಕಿದಳು. ಮೇಲೆ ಹೋಗಿ ಒಮ್ಮೆ ಮಾತಾಡಬಹುದಿತ್ತು, ತನ್ನ ಬಾಗಿಲಿನಿಂದ ಹತ್ತು ಹೆಜ್ಜೆಯ ದೂರ. ಬಾಗಿಲ ಸರದಿ ಹೊಂದುವುದಿಲ್ಲ ಎಂದುಕೊಂಡಳು. ಮೆಹರುನ್ನೀಸಾಳನ್ನು ಅವಳ ಟ್ರಂಕು, ಹೊಲಿಗೆ ಯಂತ್ರ, ಕೌದಿಯ ಸಮೇತ ಗೋದಾಮಿಗೆ ಕರೆದೊಯ್ದಾಗ ವಚನಾ ನೆಲಮಾಳಿಗೆಯಲ್ಲಿದ್ದಳು.

ಮರುದಿನ ಬೆಳಿಗ್ಗೆ ಭೀಮಾಶಂಕರ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದ.

"ಮನಿ ಖಾಲಿ ಅದ. ಕೌದಿನೂ ಇಲ್ಲ, ಮುದುಕೀನೂ ಇಲ್ಲ. ಆದ್ರೂ ಚುಕ್ಕಿ ಹೋಗಿಲ್ಲ ನೋಡ್ರಿ. ಸಣ್ಣದಾಗ್ಯಾದ, ಅರ್ಧ ಉಳಿದದ." ಅವನು ತಲೆ ಕೆರೆದುಕೊಂಡ. "ಆ ಕಡಿಂದ ಏನರ ಬಿಸಿ ಬರ್ಲತ್ತದೇನು? ಗ್ವಾಡಿ ಆ ಬದಿ ಯಾರ ಮನಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ನಂದು," ಎಂದಳು ವಚನಾ.

ಪರದೆಯ ಮೇಲಿನ ಚುಕ್ಕೆಯನ್ನು ಆಗ ಸರಿಯಾಗಿ ನೋಡಿದಳು. ಮೇಲೆ ಅಗಲ, ಕೆಳಗೆ ಕಿರಿದು. ನೆಲದಿಂದ ಒಬ್ಬ ಮನುಷ್ಯ ಕೂತಷ್ಟು ಎತ್ತರ. ಇಷ್ಟು ದಿನ ದೋಷ, ಸೋರಿಕೆ, ಕೌದಿ ಎಂದೆಲ್ಲ ಅಂದುಕೊಂಡು ನೋಡಿದ್ದು ಒಂದು ಬೆನ್ನು. ಅವಳದೇ ಬೆನ್ನು. ನೆಲಮಾಳಿಗೆಯಲ್ಲಿ ಗೋಡೆಗಳನ್ನು ಕಾಯುವವಳಿಗೂ ಸಂಜೆ ಗೋಡೆಗೆ ಒರಗಿ ಕೂರುವವಳಿಗೂ ಪರಿಚಯವೇ ಇರಲಿಲ್ಲವೆನ್ನುವ ಹಾಗೆ ಅವಳು ಬದುಕಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

ಕೂಡಲೇ ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡು, ತಪ್ಪು ತನ್ನದೆಂದು ಬರೆದು ಕಳಿಸಿದಳು. ಅಷ್ಟರಲ್ಲಿ ಆ ಮನೆ ಸರದಿಯಲ್ಲಿ ಕಾದಿದ್ದ ಒಬ್ಬ ನಿವೃತ್ತ ಪೋಸ್ಟ್‌ಮನ್ನನಿಗೆ ಹೋಗಿಬಿಟ್ಟಿತ್ತು. ಅವನು ಹೆಗಲ ಮೇಲೆ ಹಾಸಿಗೆ ಹೊತ್ತು ಬಂದೂ ಆಗಿತ್ತು. ಅವನನ್ನು ಎಬ್ಬಿಸುವುದು ಇನ್ನೊಂದು ಪಾಪ.

ಆ ಸಂಜೆ ಊಟ ಮಾಡದೆ ತನ್ನ ಜಾಗದಲ್ಲಿ ಕೂತಳು. ಗೋಡೆ ತಣ್ಣಗಿತ್ತು. ತಾನೇ ಕಟ್ಟಿದ, ತಾನೇ ಮೆಚ್ಚಿದ ತಂಪು ಅಂಗಿಯ ಒಳಗಿಳಿದು ಬೆನ್ನನ್ನು ಕೊರೆಯಿತು. ಇಷ್ಟು ದಿನ ಅಲ್ಲಿ ಹಿತವೆನಿಸಿದ್ದು ಮೇಣವೂ ಅಲ್ಲ, ತಾಮ್ರವೂ ಅಲ್ಲ ಎಂದು ಈಗ ತಿಳಿಯಿತು. ಆಚೆ ಬದಿಯಲ್ಲಿ ಒಬ್ಬಳು ಕೂರುತ್ತಿದ್ದಳು. ವಚನಾ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಮೇಣದ ಗೋಡೆಗಳಾದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಹತ್ತಿ ಗೋದಾಮಿಗೆ ಮರುದಿನ ಸಂಜೆ ಹೋದಳು. ತಗಡಿನ ಮಾಡು ದಿನವಿಡೀ ಕಾದು, ಒಳಗೆ ರೊಟ್ಟಿ ಬೇಯಿಸುವ ಹಂಚಿನ ಬದಿಯಲ್ಲಿ ನಿಂತ ಹಾಗಿತ್ತು. ದೊಡ್ಡ ಫ್ಯಾನುಗಳು ಕರೆಂಟಿಗೆ ಕಾದು ಸುಮ್ಮನಿದ್ದವು. ಹೆಂಗಸರು ನೆಲಕ್ಕೆ ನೀರು ಚಿಮುಕಿಸಿಕೊಂಡು, ಒಬ್ಬರಿಗೊಬ್ಬರು ಗಾಳಿ ಬೀಸಿಕೊಳ್ಳುತ್ತ, ಒಂದೇ ಸಮನೆ ಮಾತಾಡುತ್ತಿದ್ದರು. ಹೋದ ವರ್ಷದ ರೋಹಿಣಿಯಲ್ಲಿ ಈ ಮಾಡಿನ ಕೆಳಗಿಂದ ಹೆಣ ಹೊರಗೆ ಹೋದದ್ದು ವಚನಾಳಿಗೆ ಗೊತ್ತಿತ್ತು. ಕಂಬದ ಪಕ್ಕ ಕನ್ನಡಕದ ಮುದುಕಿಯೊಬ್ಬಳು ಕೌದಿಗೆ ಹೊಲಿಗೆ ಹಾಕುತ್ತಿದ್ದಳು. ಆ ಕೌದಿಯನ್ನು ವಚನಾ ಫೋಟೊದಲ್ಲಿ ನೋಡಿದ್ದಳು.

"ನೀವು ಮೆಹರುನ್ನೀಸಾ ಅವರೇನ್ರಿ?"

"ಹೌದವ್ವಾ. ನೀ ಯಾರು?"

"ನಿಮ್ಮ ಬಾಜೂ ಮನಿಯಾಕಿ."

ಮುದುಕಿಯ ಸೂಜಿ ನಿಂತಿತು. ಕನ್ನಡಕದ ಮೇಲಿಂದ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಗ್ವಾಡಿ ಆ ಕಡಿ ಕೂಡಾಕಿ ನೀನೇ ಏನು? ನಾ ನಿನ್ನ ಇನ್ನಾ ದಪ್ಪ ಇದ್ದೀ ಅಂತ ತಿಳ್ಕೊಂಡಿದ್ದೆ."

"ನಾ ಕೂಡ್ತೀನಿ ಅಂತ ನಿಮಗ ಹೆಂಗ ಗೊತ್ತಾಯ್ತು, ಖಾಲಾ?"

"ಗ್ವಾಡಿ ಬೆಚ್ಚಗಿರ್ತಿತ್ತಲ್ಲ ಬೇಟಾ. ಮನಿ ತುಂಬ ತಂಡಿ, ಆ ಒಂದ ಜಾಗಾ ಬೆಚ್ಚಗ. ಸುಮ್ಮಸುಮ್ಮನ ಆಗ್ತದೇನು? ಯಾರೋ ಕುಂತಾರ, ಅವ್ರೂ ಒಬ್ಬರೇ ಅದಾರ ಅಂದ್ಕೊಂಡೆ. ನಾನೂ ಹೋಗಿ ಕುಂತೆ. ಒಂದೊಂದ ದಿನ ನೀ ತಡಾ ಮಾಡ್ತಿದ್ದಿ. ಇವತ್ತ ಕೆಲಸ ಭಾಳ ಇರಬೇಕು ಪಾಪ, ಅಂತಿದ್ದೆ."

"ಮತ್ತ ಆ ಕೌದಿ?"

"ನೀ ನಸಿಕ್ನ್ಯಾಗ ಎದ್ದು ಹೋಗ್ತಿದ್ದಿ. ಹೋದ ಮ್ಯಾಲ ಗ್ವಾಡಿ ಲಗೂ ತಣ್ಣಗಾಗ್ತಿತ್ತು. ಒಂದೀಟು ಉಳೀಲಿ ಅಂತ ಹೊಚ್ಚಿದೆ."

"ತಪಾಸಣಿಗಿ ಬಂದವ್ರಿಗಿ ಇದನ್ನ ಹೇಳಬೇಕಿತ್ತಲ್ರೀ!"

"ಹೇಳಿದ್ರ ನಿನ್ನೂ ಎಬ್ಬಸ್ತಿದ್ರು," ಎಂದಳು ಮೆಹರುನ್ನೀಸಾ, ಅದರಲ್ಲೇನಿದೆ ಎನ್ನುವ ಹಾಗೆ.

ಹೇಳದೆ ಉಳಿಯುವಂತಿರಲಿಲ್ಲ. "ಆ ನೋಟೀಸಿಗಿ ಸಹಿ ಮಾಡಿದಾಕಿ ನಾನೇ, ಖಾಲಾ. ಆ ಬಿಲ್ಡಿಂಗಿನ ಎಲ್ಲಾ ಕಾಯದೆ ನನ್ನವೇ."

ಮುದುಕಿ ಹೊಲಿಗೆಗೆ ಮರಳಿದಳು. ದಾರವನ್ನು ಹಲ್ಲಿನಿಂದ ಕಡಿದಳು, ಹೊಸದು ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. "ಸಹಿ ಮಾಡೂ ಮುಂದ ಒಮ್ಮಿ ಬಾಗಲಾ ಬಡೀಬೇಕಿತ್ತವ್ವಾ ನೀನು," ಎಂದಳು ಕಡೆಗೆ.

"ಬಡೀಬೇಕಿತ್ತು."

ವಚನಾ ಸೂಜಿ ತೆಗೆದುಕೊಂಡು ದಾರ ಪೋಣಿಸಿಕೊಟ್ಟಳು. ಆಮೇಲೆ ಹೇಳಿದಳು: "ನಿಮ್ಮ ಮನಿ ಬ್ಯಾರೇರಿಗಿ ಹೋಗ್ಯಾದ. ನನ್ನ ಮನಿ ನಿಮಗ ಬಿಟ್ಟುಕೊಡ್ತೀನಿ, ಇವತ್ತೇ ಬರ್ರಿ. ರೋಹಿಣಿ ಬಂತು. ಈ ತಗಡಿನ ಕೆಳಗ ನೀವು ತಡಿಯಂಗಿಲ್ಲ."

"ನಾ ಅಲ್ಲಿ ಬಂದ್ರ ಗ್ವಾಡಿ ಆ ಕಡಿ ಯಾರ ಕೂಡ್ತಾರ?"

ವಚನಾ ಕೌದಿಯ ಅಂಚನ್ನು ಮಡಿಚಿ ಬಿಚ್ಚಿದಳು.

"ನಿನ್ನ ಮನಿ ಚಂದ ಅದವ್ವಾ, ಸುಳ್ಳ್ಯಾಕ ಹೇಳಲಿ. ನಾ ಸತ್ರ ಹೆಣ ಕೆಡ್ಲಾರದಷ್ಟು ತಂಪ ಅದ. ಇಲ್ಲಿ ಸೆಖಿ ಅದ, ಖರೇ. ಆದ್ರ ನಿನ್ನಿ ರಾತ್ರಿ ನನಗ ನೆಗಡಿ ಬಂದು ಸೀನಿದ್ರ ನಾಕ ಮಂದಿ ಎದ್ದು ಕುಂತ್ರು. ನಾ ಬರಂಗಿಲ್ಲ." ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ನಿನಗ ಬ್ಯಾಸರಾದ್ರ ನೀ ಬಾ."

ಬೇಸರ ಎಂಬ ಮಾತು ವಚನಾಳನ್ನು ಮನೆಯ ತನಕ ಹಿಂಬಾಲಿಸಿತು. ಮುದುಕಿಯನ್ನು ಆ ಮಾಡಿನ ಕೆಳಗೆ ಬಿಟ್ಟು ತಾನು ತಂಪಿನಲ್ಲಿ ಮಲಗುವುದು ಸಾಧ್ಯವಿರಲಿಲ್ಲ, ಎಳೆದು ತರುವುದೂ ಸಾಧ್ಯವಿರಲಿಲ್ಲ. ಗೋದಾಮೇ ತಣ್ಣಗಾಗಬೇಕು. ಆ ಕಟ್ಟಡವನ್ನು ಅವಳು ಎಂದೂ ಕಟ್ಟಡವೆಂದು ನೋಡಿರಲೇ ಇಲ್ಲ. ತನ್ನ ಕಟ್ಟಳೆ ತಪ್ಪಿದವರು ಹೋಗಿ ಬೀಳುವ ಜಾಗ, ಅಷ್ಟೇ.

ಮರುದಿನದಿಂದ ಪರದೆಯನ್ನು ಭೀಮಾಶಂಕರನಿಗೆ ಒಪ್ಪಿಸಿ ಗೋದಾಮಿನಲ್ಲೇ ನಿಂತಳು. ಮಾಡಿನ ಮೇಲೆ ಸುಣ್ಣ ಬಳಿಸಿದಳು. ಬಿಸಿಗಾಳಿ ಹೊರಹೋಗಲು ಮಾಡಿನ ತುದಿಯಲ್ಲಿ ತಗಡು ಕತ್ತರಿಸಿದಳು. ತಣ್ಣೆಳಲಿನ ಹಿತ್ತಲಲ್ಲಿ ಮೇಣದ ಹಲಗೆಗಳು ರಾಶಿ ಬಿದ್ದಿದ್ದವು. ಮೂಲೆ ಒಡೆದಿದೆ, ಮೈ ಸೊಟ್ಟಗಿದೆ ಎಂದು ಅವಳೇ ತಿರಸ್ಕರಿಸಿದ್ದವು. ಅವನ್ನು ರಾತ್ರಿ ಹೊತ್ತು ಗಾಡಿಯಲ್ಲಿ ತರಿಸಿ ಗೋದಾಮಿನ ಗೋಡೆಗುಂಟ ನಿಲ್ಲಿಸಿದಳು. ಹೊತ್ತು ಮುಳುಗಿದ ಮೇಲೆ ದೊಡ್ಡ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟರೆ ಮೇಣ ಬೆಳಗಿನ ಹೊತ್ತಿಗೆ ಮುಕ್ಕಾಲುಪಾಲು ಗಟ್ಟಿಯಾಗುತ್ತಿತ್ತು. ಅವಳ ಹಳೆಯ ಲೆಕ್ಕಕ್ಕೆ ಅದು ಸಾಲದು.

"ಇದಕ್ಕ ಒರಗಬಹುದೇನ್ರಿ? ಮೊಳಿ ಹೊಡದು ಸೀರಿ ಹಾಕಬಹುದೇನು?" ಎಂದು ಒಬ್ಬ ಹೆಂಗಸು ಅನುಮಾನದಿಂದ ಕೇಳಿದಳು.

"ಮೊಳಿ ಬ್ಯಾಡ್ರಿ, ಮೇಣ ಸೋರ್ತದ," ಎಂದಳು ವಚನಾ. "ಒರಗ್ರಿ. ಎಷ್ಟ ಬೇಕಾದ್ರೂ ಒರಗ್ರಿ."

ರೋಹಿಣಿಯ ಬಿಸಿಲು ಹೇಳಿದ ಹಾಗೆಯೇ ಬಂತು. ಹೊರಗೆ ಕಾಗೆಗಳು ಮರದಿಂದ ಉದುರಿದವು. ಗೋದಾಮಿನ ಒಳಗೆ ಸೆಕೆಯಿತ್ತು, ಆದರೆ ಹೋದ ವರ್ಷದ ಸೆಕೆಯಲ್ಲ. ಹಲಗೆಗಳಿಗೆ ಬೆನ್ನು ಹಚ್ಚಿ ಸಾಲಾಗಿ ಕೂತ ಹೆಂಗಸರ ಮಧ್ಯೆ ವಚನಾಳೂ ಬೆವರುತ್ತ ಕೂತಳು. ತನ್ನ ಮನೆಯ ಬೀಗ ಹಾಕಿಕೊಂಡು ಬಂದವಳು ಹಿಂತಿರುಗಿ ಹೋಗಿರಲಿಲ್ಲ. ಮೆಹರುನ್ನೀಸಾಳಿಗೆ ಒಮ್ಮೆ ಜ್ವರ ಏರಿತು. ನಾಲ್ಕಾರು ಕೈಗಳು ಒದ್ದೆ ಬಟ್ಟೆ ಹಿಡಿದು ಬಂದವು, ಅವುಗಳಲ್ಲಿ ವಚನಾಳವೂ ಎರಡು. ಜ್ವರ ಇಳಿಯಿತು.

ಅದು ಇಳಿದ ಬೆಳಿಗ್ಗೆ ಭೀಮಾಶಂಕರನ ಫೋನು ಬಂತು. ಅವನ ದನಿಯಲ್ಲಿ ಮಗನಿಗೆ ನೌಕರಿ ಸಿಕ್ಕಷ್ಟು ಹಿಗ್ಗು.

"ಮೇಡಂ, ಪರದಾ ನೋಡ್ಲಕ್ಕ ಬರಬೇಕ್ರಿ ನೀವು! ಬಿಲ್ಡಿಂಗ್ ಪೂರಾ ನೀಲಿ ಆಗ್ಯಾದ. ಒಂದ ಕೆಂಪು ಚುಕ್ಕಿ ಇಲ್ಲ. ನಾಕನೇ ಅಂತಸ್ತಿನ ಗ್ವಾಡಿ ಸೈತ ಹೊಸದರಂಗ ಆಗ್ಯಾದ. ರಿಪೇರಿ ಯಾರ ಮಾಡಿದ್ರು?"

ವಚನಾಳ ಭುಜದ ಮೇಲೆ ಮುದುಕಿಯ ತಲೆಯಿತ್ತು. ಆ ಭುಜ ಜೋಮು ಹಿಡಿದಿತ್ತು, ಆ ಬದಿಯ ರವಿಕೆ ಬೆವರಿನಿಂದ ತೊಯ್ದಿತ್ತು. ಅವಳಿಗೆ ಪರದೆ ಕಣ್ಣಿಗೆ ಕಟ್ಟಿತು: ಆರು ಮಹಡಿ, ಅಂತಸ್ತಿನಿಂದ ಅಂತಸ್ತಿಗೆ ಕಲೆಯಿಲ್ಲದ ನೀಲಿ, ಒಂದೊಂದು ಕೋಣೆಯಲ್ಲೂ ಗೋಡೆ ಮುಟ್ಟದೆ ಮಲಗಿದ ಒಬ್ಬೊಬ್ಬರು. ಗೋಡೆಯ ಆ ಬದಿಯಲ್ಲಿ ಪೋಸ್ಟ್‌ಮನ್ ಒಬ್ಬನಿದ್ದಾನೆ. ಒಂದು ದಿನವಾದರೂ ಅಲ್ಲಿ ಕೂತು ನೋಡಿರಬಹುದು. ಗೋಡೆ ತಣ್ಣಗಿದ್ದಿರಬೇಕು.

"ರಿಪೇರಿ ಯಾರೂ ಮಾಡಿಲ್ಲ, ಭೀಮಾಶಂಕರ," ಎಂದಳು. "ಅಲ್ಲಿ ಯಾರೂ ಕುಂತಿಲ್ಲ."

ಮುದುಕಿಯ ತಲೆ ಜಾರದಂತೆ ಫೋನನ್ನು ಇನ್ನೊಂದು ಕೈಗೆ ದಾಟಿಸಿ ಹೇಳಿದಳು: "ಮ್ಯಾಲ ಹೋಗಿ ಆ ಪೋಸ್ಟ್‌ಮನ್ನನ ಬಾಗಲಾ ಒಮ್ಮಿ ಬಡೀರಿ. ಸರದಿ ಗಿರದಿ ನೋಡಬ್ಯಾಡ್ರಿ. ಊಟ ಆಯ್ತೇನು ಅಂತ ಕೇಳ್ರಿ."